ನಿಧಾನಕ ಬರ್ರಿ

ಕುಮಟಾದಲ್ಲಿ ಕೊನೆಯ ಸಲ ಸಮುದ್ರದಿಂದ ಕಾಲು ತೊಳೆಸಿಕೊಂಡು ಕರಬಸಪ್ಪ ಹೆಂಡತಿಗೆ ಫೋನು ಹಚ್ಚಿದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪನ ಕಾಲದಿಂದ ದಲಾಲಿ ಅಂಗಡಿ ನಡೆಸಿಕೊಂಡು ಬಂದವನು ಅವನು. ರಾಣೆಬೆನ್ನೂರಿನ ಗೆಳೆಯ ಅಬ್ದುಲರಜಾಕನ ಜೊತೆ ಸೈಕಲ್ಲುಗಳನ್ನು ಕನ್ಯಾಕುಮಾರಿಯ ತನಕ ರೈಲಿನಲ್ಲಿ ಒಯ್ದು, ಅಲ್ಲಿಂದ ಕಡಲಂಚು ಹಿಡಿದು ತುಳಿಯುತ್ತ ಬಂದಿದ್ದ. ತೀರದ ದಾರಿ ಅಂದರೆ ತೀರದ ದಾರಿಯೇ ಎಂದು ಕೇರಳದುದ್ದಕ್ಕೂ ಗೊಣಗಿದ್ದ. ಈಗ ಅದೂ ತೀರಿತ್ತು. ಮುಂದೆ ಘಟ್ಟ, ಘಟ್ಟದ ಆಚೆ ಊರು.

"ಮನೀ ಕಡೆ ಹೊಂಟೇವಿ. ಅಂಗಡಿ ಹೆಂಗೈತಿ?" ಅಂದ.

ಆ ಕಡೆ ಪುಷ್ಪಲತಾ ಯಾರ ಜೊತೆಗೋ ತೂಕದ ಮಾತಾಡುತ್ತಿದ್ದಳು. ಅದನ್ನು ಪೂರ್ತಿ ಮುಗಿಸಿಯೇ ಇವನ ಕಡೆ ತಿರುಗಿದಳು.

"ಎಲ್ಲಾ ಚಲೋ ನಡದೈತ್ರಿ. ನೀವು ನಿಧಾನಕ ಬರ್ರಿ."

ಫೋನು ಇಟ್ಟೇಬಿಟ್ಟಳು.

ಕರಬಸಪ್ಪ ಮರಳಿನ ಮೇಲೆ ನಿಂತೇ ಇದ್ದ. ಅಲೆ ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಅಂಗಡಿಯಲ್ಲಿ ತಾನು ಕೂಡ್ರುವ ಗಾದಿಯನ್ನೂ ಯಾರೋ ಹೀಗೆಯೇ ಎಳೆಯುತ್ತಿದ್ದಾರೆ ಅನ್ನಿಸಿತು.

ಅವನು ಊರು ಬಿಟ್ಟದ್ದು ಹಂಗಾಮು ಕಾವೇರಿದಾಗ. ರಜಾಕನದು ಬೀಜದ ಅಂಗಡಿ. ಮುಂಗಾರಿನ ಮುಂಚೆ ಅವನಿಗೆ ಉಸಿರಾಡಲು ಬಿಡುವಿಲ್ಲ, ಚಳಿಗಾಲದಲ್ಲಿ ನೊಣ ಹೊಡೆಯಲು ನೊಣವೂ ಇಲ್ಲ. ಬ್ಯಾಡಗಿ ಕೆಂಪಾಗುವುದು ಸರಿಯಾಗಿ ಆ ಚಳಿಗಾಲದಲ್ಲೇ. ಇಬ್ಬರಿಗೂ ಹೊಂದುವ ಬಿಡುವು ಯಾವ ಪಂಚಾಂಗದಲ್ಲೂ ಸಿಗದೆ, ಕೊನೆಗೆ ಕರಬಸಪ್ಪನೇ ಅಂಗಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದಿದ್ದ. "ಈ ಹಂಗಾಮಿಗೆ ನೀನ ಹಂಗಾಮಿ ಮಾಲಕಿ" ಎಂದು ತನ್ನ ಮಾತಿಗೆ ತಾನೇ ನಕ್ಕಿದ್ದ. ಪುಷ್ಪಲತಾ ನಕ್ಕಿರಲಿಲ್ಲ. ಕೀಲಿಕೈ ಇಸಕೊಂಡು ಸೆರಗಿಗೆ ಕಟ್ಟಿಕೊಂಡಿದ್ದಳು.

ಅಂಗಡಿ ಮುಳುಗಲಿ ಎಂದೇನೂ ಅವನು ಬಯಸಿರಲಿಲ್ಲ. ತುಸು ಅಲುಗಾಡಿದ್ದರೆ ಸಾಕಿತ್ತು. "ಲಗೂ ಬರ್ರಿ, ನನ್ನ ಕೈಲಿ ಆಗವಲ್ದು" ಎಂದು ಒಂದು ಫೋನು ಬಂದಿದ್ದರೆ, ಕಲ್ಲೀಕೋಟೆಯಲ್ಲಿ ಕೂತು ಮೀಸೆ ತಿರುವಬಹುದಿತ್ತು. ಬರಲಿಲ್ಲ. ಬಂದದ್ದು ಇದು: ನಿಧಾನಕ ಬರ್ರಿ.

"ಹೇಂತಿ ನಿಧಾನಕ ಬಾ ಅಂದ್ರ ಅದು ಪ್ರೀತಿ ಐತೋ ಮಾರಾಯ" ಅಂದ ರಜಾಕ, ಚೈನಿಗೆ ಎಣ್ಣೆ ಬಿಡುತ್ತ.

"ಪ್ರೀತಿ ಇದ್ದಾಕಿ ಲಗೂ ಬಾ ಅಂತಾಳ."

"ಇಂಥಾ ಲಾರಿ ಓಡಾಡೋ ರೋಡಿನ್ಯಾಗ ಲಗೂ ಬಾ ಅಂದಾಕಿ ಇನ್ಸೂರನ್ಸ್ ಮಾಡ್ಸ್ಯಾಳ ಅಂತ ತಿಳೀಬೇಕು!"

ಕರಬಸಪ್ಪ ನಗಲಿಲ್ಲ. ಸೈಕಲ್ ಹತ್ತಿದವನು ದೇವಿಮನೆ ಘಟ್ಟವನ್ನು ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದಂತೆ ಏರಿದ. ರಜಾಕ ತನ್ನ ನೋಯುವ ಮಂಡಿಯನ್ನೂ ಗೆಳೆಯನನ್ನೂ ಸರದಿಯ ಮೇಲೆ ಬೈಯುತ್ತ ಹಿಂದೆ ಬಂದ. ಶಿರಸಿಯಲ್ಲಿ ಉಳಿಯುವ ಮಾತಿತ್ತು, ಉಳಿಯಲಿಲ್ಲ. ಹಾನಗಲ್ಲಿನಲ್ಲಿ ಊಟದ ಮಾತಿತ್ತು, ಬಾಳೆಹಣ್ಣಿನಲ್ಲಿ ಮುಗಿಯಿತು. ಹೀಗಾಗಿ ಬುಧವಾರ ಬೆಳಿಗ್ಗೆಯೇ ಇಬ್ಬರೂ ಹಾವೇರಿ ಬಸ್ ನಿಲ್ದಾಣದ ಎದುರು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದರು. ಬ್ಯಾಡಗಿ ಇನ್ನು ಕೂಗಳತೆ. ಕರಬಸಪ್ಪನ ಕಾಲು ಬೆಂಚಿನ ಕೆಳಗೂ ಪೆಡಲು ತುಳಿಯುತ್ತಲೇ ಇತ್ತು.

ಆಗ ಮಲ್ಲೇಶಪ್ಪನ ಫೋನು ಬಂತು. ಬ್ಯಾಡಗಿಯ ಗೆಳೆಯರ ಬಳಗದ ಅಧ್ಯಕ್ಷ ಅವನು. ಯಾರಾದರೂ ಊರಿಂದ ಹೊರಗೆ ಹೋದರೆ ಬೀಳ್ಕೊಡುಗೆ, ಒಳಗೆ ಬಂದರೆ ಸ್ವಾಗತ, ಎಲ್ಲೂ ಹೋಗದೆ ಕೂತರೆ ಅಭಿನಂದನೆ.

"ಎಲ್ಲಿದ್ದೀರಿ ಹುಲಿಗಳ್ರಾ?"

"ಹಾವೇರ್ಯಾಗ. ಇನ್ನೇನ್ ಬಂದ ಬಿಟ್ವಿ."

"ಹಾವೇರ್ಯಾಗ? ಇವತ್ತ? ಹೊಳ್ಳಿ ಹೋಗ್ರಿ!"

"ಎಲ್ಲಿಗೆ ಹೊಳ್ಳಿ ಹೋಗೂದೋ, ಸಮುದ್ರಕ್ಕ?"

"ಎಲ್ಲಿಗೆರ ಹೋಗ್ರಿ. ಶುಕ್ರವಾರ ಅಂತ ಫ್ಲೆಕ್ಸ್ ಹೊಡಿಸೇನಿ. ನಾಳೆ ಗುರುವಾರ, ಮೆಣಸಿನಕಾಯಿ ಟೆಂಡರ್ ದಿನ, ನಿಮ್ಮ ಮಾರಿ ನೋಡಾಕ ಯಾರಿಗೆ ಪುರುಸೊತ್ತೈತಿ? ಏಲಕ್ಕಿ ಹಾರ ಇನ್ನೂ ಪೋಣಸಾಕತ್ತಾರ. ಊರವ್ರ ಒಬ್ಬರ ಕಣ್ಣಿಗೂ ಬೀಳಬ್ಯಾಡ್ರಿ. ಬಿದ್ರ ಸ್ವಾಗತ ಯಾರಿಗೆ ಮಾಡೂದು, ನಿಮ್ಮ ಸೈಕಲ್ಲಿಗೆ?"

ಫ್ಲೆಕ್ಸ್ ಅಚ್ಚಾದ ಮೇಲೆ ದಿನಾಂಕ ಫ್ಲೆಕ್ಸಿಬಲ್ ಅಲ್ಲ. ಭಾರತದ ತುದಿಯಿಂದ ತುಳಿದುಕೊಂಡು ಬಂದವರು ಊರ ಬಾಗಿಲಲ್ಲಿ ಪರದೇಶಿಗಳಾದರು.

ಹೊತ್ತು ಕಳೆಯಲು ರಜಾಕ ಎರಡು ಹೊಳೆ ಕೂಡುವ ಗಳಗನಾಥದ ದಾರಿ ಹಿಡಿಸಿದ. ಪುಷ್ಪಲತಾಳ ತವರು ಗುತ್ತಲ ದಾರಿಯಲ್ಲೇ ಬರುತ್ತದೆ. ಅತ್ತೆಮನೆಯವರ ಕಣ್ಣು ತಪ್ಪಿಸಲು ಕರಬಸಪ್ಪ ಅಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಹಾಯ್ದ. ಹೊಳೆ ಮುಟ್ಟಿದ್ದೇ ರಜಾಕ ಕುತ್ತಿಗೆಯ ತನಕ ನೀರಿಗಿಳಿದು ಎಮ್ಮೆಯಂತೆ ಕಣ್ಣು ಮುಚ್ಚಿದ.

"ವರದಾ, ತುಂಗಭದ್ರಾ ಎರಡೂ ಎಷ್ಟ ತಣ್ಣಗ ಕೂಡ್ಯಾವ ನೋಡು. ನೀನೂ ಒಂದೀಟು ತಣ್ಣಗಾಗು."

"ಕೂಡಿದ ಮ್ಯಾಲ ವರದಾನ ಹೆಸರ ಇರೂದಿಲ್ಲ. ಮುಂದ ಬರೇ ತುಂಗಭದ್ರಾ ಅಂತಾರ."

"ಯಪ್ಪಾ, ಹೊಳಿ ನೋಡಿದ್ರೂ ಅಂಗಡಿ ಬೋರ್ಡ ಕಾಣ್ತದಲ್ಲೋ ನಿನಗ!"

ಕರಬಸಪ್ಪ ದಂಡೆಯ ಕಲ್ಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಮದುವೆಯಾದ ಹೊಸತು ನೆನಪಾಯಿತು. ಈ ತಣ್ಣನೆಯ ಹೊಳೆಸಾಲಿನಿಂದ ಬ್ಯಾಡಗಿಗೆ ಬಂದ ಪುಷ್ಪಲತಾ ಮೆಣಸಿನ ಘಾಟಿಗೆ ಸೀನಿದ್ದೇ ಸೀನಿದ್ದು. ಅಡಿಗೆಮನೆಯಲ್ಲಿ, ಜಗಲಿಯಲ್ಲಿ, ಬುತ್ತಿ ಹಿಡಿದು ಅಂಗಡಿಗೆ ಬಂದಲ್ಲಿ. ಬ್ಯಾಡಗಿಯವರು ಮೆಣಸಿನಕಾಯಿಗೆ ಸೀನುವುದಿಲ್ಲ. ಅಲ್ಲಿನ ಕೂಸಿನ ಮೂಗಿಗೂ ಆ ಗಾಳಿ ಹಾಲಿನಷ್ಟೇ ಸಲೀಸು. ಆಗ ಅವನು ದಿನಾ ಕಾಡುತ್ತಿದ್ದ: "ಇನ್ನೂ ಸೀನಾಕತ್ತಿ? ಹಂಗಾರ ನೀ ಇನ್ನೂ ನಮ್ಮಾಕಿ ಆಗಿಲ್ಲ ಬಿಡು." ಅವಳು ಮೂಗು ಒರೆಸಿಕೊಳ್ಳುತ್ತ ಸಿಟ್ಟಿನಿಂದ ನೋಡುತ್ತಿದ್ದಳು.

ಸಂಜೆ ರಾಣೆಬೆನ್ನೂರಿನಲ್ಲಿ ರಜಾಕನ ಮನೆ. ಅವನ ಹೆಂಡತಿ ಸಾಜಿಯಾ ರೊಟ್ಟಿ ಬಡಿಸುತ್ತ ಒಳ್ಳೆಯ ಮನಸ್ಸಿನಿಂದಲೇ ಅಂದಳು: "ಭಾಯಿ, ನಿಮ್ಮ ಮನಿಯವ್ರು ಅಂಗಡಿ ಭಾರೀ ನಡಸಾಕತ್ತಾರಂತಲ್ರಿ. ಇಲ್ಲೀ ತನಕ ಸುದ್ದಿ ಐತಿ."

ಕರಬಸಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ. ರಜಾಕ ಹೆಂಡತಿಗೆ ಕಣ್ಣು ಮಾಡಿದ. "ಯಾಕ, ಖರೇನ ಹೇಳಿದೆ" ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಬೆಳಗಾದದ್ದೇ ಕರಬಸಪ್ಪ ಗೆಳೆಯನ ಮುಂದೆ ನಿಂತ. "ನಿನ್ನ ಒಂದ ಲುಂಗಿ ಕೊಡು. ನಾ ಬ್ಯಾಡಗಿಗೆ ಹೊಂಟೆ."

"ಮಲ್ಲೇಶಪ್ಪ ಕೊಲ್ತಾನ."

"ಗುರುತ ಹತ್ತಿದ್ರ ಅಲ್ಲ ಕೊಲ್ಲೂದು? ನನ್ನ ಗಾದಿ ಮ್ಯಾಲ ಏನ್ ನಡದೈತಿ ಅಂತ ನನ್ನ ಕಣ್ಣಲೆ ನಾ ನೋಡಬೇಕು. ಇಲ್ಲಂದ್ರ ನಾಳಿನ ಹಾರ ಕೊಳ್ಳಾಗ ಉರುಲ ಆಗ್ತೈತಿ."

ಸನ್ಮಾನಕ್ಕಿಂತ ಮೊದಲು ಅನುಮಾನ ಬಗೆಹರಿಯಬೇಕಿತ್ತು. ಲುಂಗಿ, ತಲೆಗೆ ರುಮಾಲು, ಮೂತಿಗೆ ಟವೆಲ್ಲಿನ ಮರೆ. ಕಡಲ ಬಿಸಿಲಿಗೆ ಮೈ ಹಂಚಿನಂತಾಗಿತ್ತು, ಗಡ್ಡ ಬಂದಿತ್ತು, ಹೊಟ್ಟೆ ಹೋಗಿತ್ತು. ಕನ್ನಡಿಯಲ್ಲಿ ತನಗೇ ತನ್ನ ಗುರುತು ಹತ್ತಲಿಲ್ಲ. ಮೋಟೆಬೆನ್ನೂರಿನ ಬಳಿ ಬ್ಯಾಡಗಿಯ ದಾರಿಗೆ ಹೊರಳುವಾಗ ರಜಾಕ, "ಮಾಲ ನೋಡಾಕ ಬಂದ ಕಳ್ಳನಂಗ ಕಾಣ್ತಿ" ಅಂದ.

"ನನ್ನ ಅಂಗಡಿಗೆ ನಾನ ಕಳ್ಳ."

ಮೆಣಸಿನಕಾಯಿ ಪೇಟೆಯ ಯಾರ್ಡಿನಲ್ಲಿ ಗುರುವಾರದ ಜಾತ್ರೆ. ಅಂಗಡಿಗಳ ಮುಂದೆ ರಾಶಿ ರಾಶಿ ಮೆಣಸಿನಕಾಯಿ, ಡಬ್ಬಿ ಜಾತಿಯದು, ಕಡ್ಡಿ ಜಾತಿಯದು. ನೆಲವೇ ಕೆಂಪು, ಗಾಳಿಯೂ ಕೆಂಪು. ಖರೀದಿದಾರರು ಕಾಯಿ ಮುರಿದು ಮೂಸುತ್ತ, ರಾಶಿಯಿಂದ ರಾಶಿಗೆ ದಾಟುತ್ತಿದ್ದರು. ರಜಾಕ ಸೈಕಲ್ ಕಾಯುತ್ತ ಗೇಟಿನಲ್ಲೇ ನಿಂತ. ಕರಬಸಪ್ಪ ಹಮಾಲರ ಮರೆಯಲ್ಲಿ ಹೋಗಿ ತನ್ನ ಅಂಗಡಿ ಎದುರಿನ ಕಂಬಕ್ಕೆ ಆತುಕೊಂಡ.

ಗಾದಿಯ ಮೇಲೆ ಪುಷ್ಪಲತಾ ಇರಲಿಲ್ಲ. ಅವನ ಜೀವ ಒಂದು ಕ್ಷಣ ಹಗುರಾಯಿತು. ಆಮೇಲೆ ಕಂಡಳು: ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ರಾಶಿಯೊಳಗೇ ಕೂತಿದ್ದಳು. ಮೊಣಕೈ ತನಕ ಕೈಯನ್ನು ರಾಶಿಯ ಹೊಟ್ಟೆಗೆ ತೂರಿಸಿ ತಳದ ಕಾಯಿ ತೆಗೆದು, ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸಪ್ಪಳ ಕೇಳುತ್ತಿದ್ದಳು. "ತಳದಾಗ ಹಸಿ ಐತಜ್ಜಾ. ಒಂದ ಬಿಸಲ ಕೊಡೂನು, ಮುಂದಿನ ಪ್ಯಾಟಿಗೆ ಹಚ್ಚೂನು" ಎಂದು ರೈತನಿಗೆ ಹೇಳಿದಳು.

ಆ ರೈತ ಕುಪ್ಪೇಲೂರಿನ ಬೀರಲಿಂಗಪ್ಪ. ಕರಬಸಪ್ಪ ಇಲ್ಲದಿದ್ದರೆ ಚೀಲದ ಬಾಯಿ ಬಿಚ್ಚುವುದಿಲ್ಲ ಎಂದು ಇಡೀ ಪೇಟೆಗೆ ಸಾರಿದ್ದ ಮುದುಕ. ಈಗ ಚೀಲದ ಬಾಯಿಯ ಜೊತೆ ತನ್ನ ಬಾಯನ್ನೂ ಬಿಚ್ಚಿಕೊಂಡು ಕೂತಿದ್ದ.

"ಕರಬಸಪ್ಪ ಬರೂ ತನಕ ಕಾಯ್ತೇನಿ ಅಂದಿದ್ದೆಲ್ಲಜ್ಜಾ?" ಪಕ್ಕದವನು ಕೆಣಕಿದ.

"ಆತ ಚಾ ಕುಡಿಸಿ, ಊರ ಸುದ್ದಿ ಹೇಳಿ, ಕಾಯಿ ನೋಡೂದ ಮರೀತಿದ್ದ. ಈ ತಂಗಿ ಮೊದಲ ಕಾಯಿ ನೋಡಿ ಆಮ್ಯಾಲ ಚಾ ಕೊಡ್ತಾಳ. ಅಷ್ಟ ಫರಕು."

ಎಲ್ಲರೂ ನಕ್ಕರು. ಕರಬಸಪ್ಪ ಸಿಟ್ಟಿನಿಂದ ಉದ್ದಕ್ಕೆ ಉಸಿರೆಳೆದುಕೊಂಡ. ತಪ್ಪಾದದ್ದು ಅಲ್ಲೇ. ತಲೆಗೆ ಮರೆ ಮಾಡಿದ್ದ, ಮೂತಿಗೆ ಮರೆ ಮಾಡಿದ್ದ. ಇಷ್ಟು ದಿನ ಉಪ್ಪುಗಾಳಿ ಕುಡಿದ ಮೂಗು ಊರನ್ನೇ ಮರೆತಿರುವುದು ಅವನಿಗೆ ಹೊಳೆದಿರಲಿಲ್ಲ.

ಸೀನಿದ. ಒಂದಲ್ಲ, ಸಾಲು ಸಾಲು. ಟವೆಲ್ಲು ಹಾರಿತು, ರುಮಾಲು ಜಾರಿತು, ಸೀನಿದ್ದೇ ಒಂದು ಸೀನಾಯಿತು. ಹಮಾಲರು ಚೀಲ ಹೊತ್ತಲ್ಲೇ ತಿರುಗಿದರು.

"ಯಾರೋ ಹೊರಗಿನವ್ರು! ಬೆಲ್ಲ ಕೊಡ್ರಿ!" ಎಂದು ಬೀರಲಿಂಗಪ್ಪ ಕೂಗಿದ. ಪೇಟೆಯಲ್ಲಿ ಸೀನಿದ ಪರವೂರಿನವರಿಗೆ ಬೆಲ್ಲದ ಚೂರು ಕೊಟ್ಟು, ಗಾಳಿ ಬರುವ ಕಡೆಗೆ ಸರಿಸಿ ನಿಲ್ಲಿಸುವುದು ಅಲ್ಲಿನ ರೂಢಿ. ಕರಬಸಪ್ಪ ಹಾರಿದ ಟವೆಲ್ಲನ್ನು ಹೆಕ್ಕಿ ಅದರಲ್ಲಿ ಮುಖ ಹುದುಗಿಸಿಕೊಂಡು ಕಂಬದ ಹಿಂದೆ ಸರಿದ.

ಬೆಲ್ಲ ತಂದವಳು ಪುಷ್ಪಲತಾಳೇ. ಅವಳು ಮುಖ ನೋಡಲಿಲ್ಲ. ಲುಂಗಿಯ ಕೆಳಗೆ ಮೀನಖಂಡಕ್ಕೆ ಮೆತ್ತಿದ್ದ ಸೈಕಲ್ ಚೈನಿನ ಕರಿಯನ್ನು ನೋಡಿದಳು.

"ತಗೋರಿ ಬೆಲ್ಲ. ಯಾವೂರ್ರಿ?"

"ಕು... ಕುಮಟಾ."

"ನಿಧಾನಕ ಬರ್ರಿ ಅಂದಿದ್ನೆಲ್ಲಾ?"

ಅವನು ಬೆಲ್ಲವನ್ನು ಹಿಡಿದುಕೊಂಡೇ ನಿಂತ. ಕಣ್ಣಲ್ಲಿ, ಮೂಗಲ್ಲಿ ನೀರು. "ನಾ ಇಲ್ಲದನೂ ಅಂಗಡಿ ನಡೀತೈತಲ್ಲ" ಅಂದ.

"ನಡೀತೈತಿ. ಸುಳ್ಳ ಹೇಳ್ಲೇನು?"

"ಹಂಗಾರ ನಾ ಯಾಕ ಬರಬೇಕು?"

ಪುಷ್ಪಲತಾ ಹಿಂದೆ ಮುಂದೆ ನೋಡಿ ದನಿ ಇಳಿಸಿದಳು. "ಅಂಗಡಿಗೆ ಬರ್ರಿ ಅಂತ ಯಾರಂದ್ರು? ದಿನಾ ಉಣ್ಣಾಕ ಕುಂತಾಗ ಎದರಿಗೆ ಬರೇ ಗ್ವಾಡಿ. ಇವತ್ತ ಇಂಥಾ ಕಾಯಿ ಬಂದಿತ್ತು, ಖರೀದಿದಾರಗ ಹಿಂಗ ಅಂದೆ ಅಂತ ಹೇಳಬೇಕಂದ್ರ ಕೇಳಾಕ ಒಂದ ಕಿವಿ ಇಲ್ಲ. ಅದಕ್ಕ ಬೇಕು ನೀವು. ಆದ್ರ ಈ ಹಂಗಾಮು ನಾನ ಮುಗಸ್ತೇನಿ. ನಡುಕ ಗಾದಿ ಮ್ಯಾಲಿಂದ ಎಬ್ಬಸಬ್ಯಾಡ್ರಿ. ಅದಕ್ಕ ನಿಧಾನಕ ಬರ್ರಿ ಅಂದದ್ದು."

ಅವನಿಗೆ ಮತ್ತೊಂದು ಸೀನು ಬಂತು.

ಪುಷ್ಪಲತಾಳ ತುಟಿಯಂಚು ಸಡಿಲಾಯಿತು. ಎಷ್ಟೋ ವರ್ಷ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನು ಅವಳು ನಿಧಾನಕ್ಕೆ ಬಿಚ್ಚಿದಳು: "ಇನ್ನೂ ಸೀನಾಕತ್ತೀರಿ? ಹಂಗಾರ ನೀವು ಇನ್ನೂ ನಮ್ಮವ್ರು ಆಗಿಲ್ಲ ಬಿಡ್ರಿ. ಹೋಗ್ರಿ, ನಾಳೆ ಬ್ಯಾಂಡಿನ ಜೋಡಿ ಬರ್ರಿ."

ಶುಕ್ರವಾರ ಬ್ಯಾಂಡು ಬಾರಿಸಿತು. ಕೊರಳಿಗೆ ಏಲಕ್ಕಿ ಹಾರ ಬಿತ್ತು. ಮೆರವಣಿಗೆ ಯಾರ್ಡಿನ ಮುಂದೆ ಬಂದಾಗ ಕರಬಸಪ್ಪ ಮೂಗಿನ ತುದಿಗೆ ಬಂದ ಸೀನನ್ನು ಅದುಮಿ ಹಿಡಿದ. ಕಣ್ಣಿಂದ ನೀರು ದಳದಳ ಇಳಿಯಿತು. "ನೋಡ್ರಿ, ಊರ ಮ್ಯಾಲಿನ ಪ್ರೀತಿ! ಆನಂದಬಾಷ್ಪ!" ಎಂದು ಮಲ್ಲೇಶಪ್ಪ ಮೈಕಿನಲ್ಲಿ ಕೂಗಿದ. ಅಂಗಡಿಯ ಬಾಗಿಲಲ್ಲಿ ನಿಂತ ಪುಷ್ಪಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಗದ್ದಲ ಕರಗಿದ ಮೇಲೆ ಕರಬಸಪ್ಪ ಅಂಗಡಿಗೆ ಬಂದ. ಗಾದಿಯ ಕಡೆ ಒಂದು ಹೆಜ್ಜೆ ಇಟ್ಟ ಕಾಲು ಅರ್ಧದಲ್ಲೇ ತಿರುಗಿತು. ರೈತರು ಕೂಡ್ರುವ ಬೆಂಚಿನ ಮೇಲೆ ಕೂತ. ಆ ಬೆಂಚು ಇಷ್ಟು ಗಟ್ಟಿ ಎಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಪುಷ್ಪಲತಾ ಗಾದಿಯ ಮೇಲಿಂದ ಹಮಾಲರಿಗೆ ಚೀಲ ಹೊಲಿಯುವ ಕೆಲಸ ಹೇಳುತ್ತಿದ್ದಳು.

ರಜಾಕ ಊರಿಗೆ ಹೊರಟು ನಿಂತವನು ಸೈಕಲ್ಲಿನ ಬೆಲ್ ಬಾರಿಸಿದ. "ಏ, ಬರೂ ವರ್ಷ ಗುಜರಾತಿನ ಕಡಲ ದಂಡಿ ಹಿಡಿಯೂನೇನು? ಹಂಗಾಮಿನ್ಯಾಗ?"

ಕರಬಸಪ್ಪ ಗಾದಿಯ ಕಡೆ ನೋಡಿದ. "ಮಾಲಕರನ್ನ ಕೇಳಬೇಕಪಾ."

ಪುಷ್ಪಲತಾ ತಲೆ ಎತ್ತಲಿಲ್ಲ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿದಳು. "ಮೊದಲ ಸೀನೂದು ನಿಲ್ಲಲಿ" ಅಂದಳು.

ಅವನು ನಿಂತೈತಿ ಅನ್ನಲು ಬಾಯಿ ತೆರೆದು ಸೀನಿದ. ಬೆಂಚಿನ ಕೆಳಗೆ ಅವನ ಕಾಲು ಇನ್ನೂ ತುಳಿಯುತ್ತಲೇ ಇತ್ತು.