ಗೋಡೆ ದಾಟದ ಗುಂಡು

ಎದುರು ಸೀಟಿನವಳ ಚೀಲದಿಂದ ಇಣುಕುತ್ತಿದ್ದ ಸೊಪ್ಪಿನ ಕಟ್ಟು ಅಲುಗುವುದು ನಿಂತಿತು, ಅಂದರೆ ಲಂಡನ್ನಿನ ಟ್ಯೂಬ್ ರೈಲು ನಿಂತಿದೆ, ಎಜ್‌ವೇರಿಗೆ ಇನ್ನೊಂದೇ ಸ್ಟಾಪು ಇರುವಾಗ, ಸಿಗ್ನಲ್ ಅಂತೆ, ಐದು ಗಂಟೆಯೊಳಗೆ ಖಾಲಿ ಫ್ಲಾಟಿನ ಕೀಲಿ ಏಜೆಂಟನಿಗೆ ಒಪ್ಪಿಸಬೇಕು, ನಾಳೆ ಬೆಳಿಗ್ಗೆ ಅಮೆರಿಕಕ್ಕೆ ವಿಮಾನ — ತೊಡೆಯ ಮೇಲೆ ಫೋನು ಮತ್ತೆ ನಡುಗಿತು, ನನ್ನ ಗಂಡ ರಾಮಪ್ರಸಾದ್ ಹ್ಯೂಸ್ಟನ್ನಿನ ಅಂಗಡಿಯಲ್ಲಿ ನಿಂತು ಕಳಿಸಿದ ಫೋಟೋ, ಎರಡು ಡಬ್ಬಿ, ಒಂದರಲ್ಲಿ ಮೂತಿ ದುಂಡಗಿರುವ ಗುಂಡುಗಳು, ಇನ್ನೊಂದರಲ್ಲಿ ಮೂತಿಯಲ್ಲಿ ಸಣ್ಣ ಕುಳಿ ಇರುವವು, ಕೆಳಗೆ ಅವರ ಧಾರವಾಡದ ಮಾತು, ಯಾವ್ದು ತೊಗೊಳ್ಳಲಿ ವಿಶಾಲಾ, ನಾ ಊರಾಗ ಇಲ್ದಾಗ ಪಿಸ್ತೂಲು ನಿನ್ನ ಕೈಯಾಗ ಇರೂದು, ನೀನ ಹೇಳು. ಅಲ್ಲಿ ಮೂರು ಮನೆ ಆಚೆ ಹಾಡಹಗಲೇ ಇಬ್ಬರು ನುಗ್ಗಿ ಮುದುಕಿಯೊಬ್ಬಳ ತೋಳು ಮುರಿದರಂತೆ, ಆ ವಾರವೇ ಇವರು ಪಿಸ್ತೂಲು ಕೊಂಡರು, ಕೊಂಡ ಮೇಲೆ ನನಗೆ ತಿಳಿಸಿದರು, ಬೇಡ ಅಂದೆ, ಅನ್ನುವ ಹೊತ್ತಿಗೆ ನಾನು ಆಸ್ಪತ್ರೆಗೆ ರಾಜೀನಾಮೆ ಕೊಟ್ಟಾಗಿತ್ತು, ಮಗಳು ಸಿರಿಶಾ ಆಗಸ್ಟಿನಲ್ಲೇ ಅಪ್ಪನ ಬಳಿ ಹೋಗಿ ಅಲ್ಲಿನ ಶಾಲೆಗೆ ಸೇರಿದ್ದಳು, ಒಂಬತ್ತು ವರ್ಷ, ನಿನ್ನ ರೂಮು ಹೆಂಗದ ಅಂತ ಕೇಳಿದರೆ ಇಟ್ಸ್ ಯೆಲ್ಲೋ ಮಮ್ಮಾ ಅನ್ನುತ್ತಾಳೆ, ಹೋಗದೆ ಇರುವುದು ಹೇಗೆ, ಇಲ್ಲಿ ನನ್ನದು ಅನ್ನುವ ಒಂದು ಲೋಟವೂ ಉಳಿದಿಲ್ಲ. ಕುಳಿ ಇರುವ ಗುಂಡು ನನಗೆ ಗೊತ್ತು. ಆರು ವರ್ಷದ ಹಿಂದೆ ಅರಿವಳಿಕೆ ಕೊಡಲು ಮಾಸ್ಕ್ ಇಡುವಾಗ ಗುಂಡೇಟು ತಿಂದು ಬಂದಿದ್ದ, ಮಿನಿಕ್ಯಾಬ್ ಟ್ಯಾಕ್ಸಿ ಓಡಿಸುವವನೊಬ್ಬ ಕೇಳಿದ, ನಾನು ಎದ್ದಾಗ ನೀವು ಇಲ್ಲೇ ಇರ್ತೀರಾ ಡಾಕ್ಟರ್, ಇರ್ತೀನಿ ಅಂದೆ, ಹೊಟ್ಟೆಯ ಮೇಲಿನ ತೂತು ಕಡಲೆಕಾಳಿನಷ್ಟು, ಒಳಗೆ ಅದು ಅಗಲಕ್ಕೆ ಬಿರಿದು ಯಕೃತ್ತನ್ನು ಹರಿದು ಹಾಕಿತ್ತು, ಸರ್ಜನ್ ಹೊರತೆಗೆದಾಗ ಗುಂಡಿನ ಹಾಗಿರಲೇ ಇಲ್ಲ, ಚೀಲದ ಮೇಲೆ ಚೀಲ ರಕ್ತ ಏರಿಸಿದೆವು, ನಾನು ಇದ್ದೆ, ಅವನು ಏಳಲಿಲ್ಲ.

ದುಂಡಗಿನದೇ ಇರಲಿ ಅಂತ ಬರೆದೆ. ಕೂಡಲೇ ಕರೆ ಬಂತು. ದುಂಡಗಿಂದು ಮೈಯೊಳಗಿಂದ ಹಾದು ಹೋಗಿ ಗ್ವಾಡೀನೂ ದಾಟತದಂತ, ಕುಳಿ ಇರೂದು ಮೈಯಾಗ ನಿಂತುಬಿಡತದ, ನಮ್ಮ ಗ್ವಾಡಿ ಆಚೆ ಸಿರಿ ಮಲಗತಾಳ, ತಿಳೀತೇನು. ತಿಳಿಯಿತು, ಅಲ್ಲಿನ ಗೋಡೆ ಇಟ್ಟಿಗೆಯದಲ್ಲ, ಬೆರಳು ಬಡಿದರೆ ಡಬ್ಬಿಯಂತೆ ಸದ್ದು ಮಾಡುವ ಹಲಗೆ, ಅವಳ ಮಂಚ ಬೇರೆ ಕಡೆ ಸರಿಸಿ ಅಂದೆ, ಒಂದು ಬದಿ ಕಿಟಕಿ, ಒಂದು ಬದಿ ಬಾಗಿಲು, ಟೇಪು ಹಿಡಿದು ನೋಡಿದ್ದಾರಂತೆ, ಆ ಗೋಡೆಗೇ ಮಂಚ ಹಿಡಿಸುವುದು. ಹಾಲು ಕುಡಿಯುವ ಕೂಸಾಗಿದ್ದಾಗಿಂದ ಅವಳು ಹಾಗೆಯೇ, ನಿದ್ದೆಯಲ್ಲಿ ಮೇಲೆ ಮೇಲೆ ಸರಿದು ಗೋಡೆ ಸಿಕ್ಕ ಮೇಲೇ ನಿಲ್ಲುತ್ತಾಳೆ, ಗೋಡೆಗೆ ಹಣೆ ಒತ್ತಿ. ನಾನು ಕೇಳಿದೆ, ಗುರಿ ತಪ್ಪಿದ್ರ ಏನ್ರೀ. ಅಂಗಡಿಯಲ್ಲಿ ಯಾರೋ ನಗುತ್ತಿದ್ದುದು ಕೇಳಿಸಿತು. ತಪ್ಪಿದ್ರ ಎರಡೂ ದಾಟತಾವ, ಅದಕ್ಕ ನಿನ್ನ ಕೇಳೂದು, ನಿನ್ನ ಕೈ ನಡಗಂಗಿಲ್ಲ. ಎದುರಿನವಳು ನನ್ನನ್ನು ನೋಡಿ ನಕ್ಕಳು, ಈ ಬೋಗಿಯಲ್ಲಿ ಯಾರಿಗೂ ನಮ್ಮ ಭಾಷೆ ಬಾರದು, ಅಡುಗೆಯ ಮಾತು ಅಂದುಕೊಂಡಳೋ ಏನೋ, ನಾನೂ ನಕ್ಕೆ, ಕುಳಿ ಇರೂದ ತೊಗೋರಿ ಅಂದೆ, ಅಷ್ಟೇ, ಉಪ್ಪು ತನ್ನಿ ಅನ್ನುವ ದನಿಯಲ್ಲಿ, ಮಿನಿಕ್ಯಾಬಿನವನ ಹೊಟ್ಟೆಯನ್ನು ಬಲ್ಲ ನಾನೇ ಅಂದೆ. ಟ್ಯೂಬ್ ಹೊರಟಿತು, ಎಜ್‌ವೇರ್ ಬಂತು, ಬಾಗಿಲು ತೆರೆಯಿತು, ಎಲ್ಲರೂ ಇಳಿದರು, ಇದು ಕೊನೆಯ ನಿಲ್ದಾಣ, ಇಳಿಯಬೇಕು, ಏಳಬೇಕು, ಬಲಗೈ ಬಿಚ್ಚಿ ನೋಡುತ್ತೇನೆ, ನಿಜ, ನಡುಗುತ್ತಿಲ್ಲ, ಬಾಗಿಲಲ್ಲಿ, ಈ ಬೋಗಿಯದೋ ಆ ಮನೆಯದೋ, ಯಾರೋ ನಿಂತಿದ್ದಾನೆ, ಅವನ ಹಿಂದೆ ಗೋಡೆ, ಗೋಡೆಯ ಆಚೆ ಸಿರಿ, ಗೋಡೆಗೆ ಹಣೆ ಒತ್ತಿ, ಗೋಡೆಗೆ ಹಣೆ ಒತ್ತಿ —