ಸೋದರಮಾವನ ತೊಡೆ

ಪಂಕಜಾಳ ಮಗು ರೋಹಿಣಿ ನಕ್ಷತ್ರದಲ್ಲಿ ಹುಟ್ಟಿತು. ಮೊಮ್ಮಗ ಬಂದನೆಂದು ಹಿಗ್ಗಬೇಕಿದ್ದ ಅವಳ ಅಮ್ಮ ರಮಾಮಣಿ ಪಂಚಾಂಗ ನೋಡಿ ಮಂಕಾದರು. ರೋಹಿಣಿಯ ಮಗು ಸೋದರಮಾವನಿಗೆ ಆಗಿಬರುವುದಿಲ್ಲವಂತೆ. ಅವನು ಮೊದಲು ಮಗುವಿನ ಮುಖವನ್ನು ಎಣ್ಣೆಯಲ್ಲಿ ನೋಡಬೇಕು. ಅಲ್ಲಿಯವರೆಗೆ ನೇರವಾಗಿ ನೋಡಕೂಡದು. ಇದ್ದ ಒಬ್ಬನೇ ಸೋದರಮಾವ ಎಂದರೆ ಪಂಕಜಾಳ ತಮ್ಮ ನಾಣಿ.

ಮುಂಬಯಿಯ ಮುಲುಂಡಿನಲ್ಲಿ ಪಂಕಜಾ ಇದ್ದ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡಿಗೆಮನೆ. ರಮಾಮಣಿ ಬಾಣಂತಿಯ ಮಂಚಕ್ಕೆ ಅಡ್ಡವಾಗಿ ಹಳೇ ಸೀರೆ ಕಟ್ಟಿದರು. ಭಾನುವಾರ ಗೋರೆಗಾಂವ್‌ನಿಂದ ಬಂದ ನಾಣಿ ಸೀರೆಗೆ ಬೆನ್ನು ಹಾಕಿ ಕೂತು ಹುಳಿಯನ್ನ ಉಂಡ, ಬಾಣಂತಿಯ ಲೇಹ್ಯವನ್ನೂ ಕೇಳಿ ನೆಕ್ಕಿದ. ಒಳಗೆ ಮಗು ಅತ್ತಿದ್ದೇ ತಡ, ಎದ್ದು ಹೊರಗೆ ಹೋಗಿ ನಿಂತ. ಪಕ್ಕದ ಮನೆಯ ಕಸ್ತೂರಿಬಾಯಿ, "ಮಾಮಾ ಯಾಕೆ ಹೊರಗೆ?" ಎಂದದ್ದು ಪಂಕಜಾಳ ಕಿವಿಗೆ ಬಿತ್ತು. ಅಂದಿನಿಂದ ಅವಳಿಗೆ ಆ ಸೀರೆ ಕಂಡರೇ ಸಿಟ್ಟು.

ಅವಳು ಸಿಡುಕಿಯಲ್ಲ. ಇದೇ ನಾಣಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತನ್ನ ಮಗುವನ್ನು ಅವನೂ ಹಾಗೆ ಎತ್ತಿಕೊಳ್ಳಲಿ ಎಂಬುದಷ್ಟೇ ಅವಳ ಆಸೆ.

ನಾಮಕರಣದ ದಿನವೇ ಕಿವಿ ಚುಚ್ಚುವುದೂ ಇತ್ತು. ಅದಕ್ಕೆ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮೊದಲು ಎಣ್ಣೆಯ ಶಾಸ್ತ್ರ. ನಾಣಿ ಎಳ್ಳೆಣ್ಣೆಯ ಬಟ್ಟಲಿಗೆ ಬಗ್ಗಿದ. ಪಂಕಜಾ ಹಿಂದಿನಿಂದ ಮಗುವನ್ನು ಅವನ ಭುಜದ ಮೇಲೆ ಚಾಚಿ ಹಿಡಿದಳು.

"ನೋಡಿದೆ, ನೋಡಿದೆ" ಎಂದ. ತಿರುಗಲಿಲ್ಲ.

"ತೊಡೆಗೆ ಅಳಿಯಂದಿರ ಅಣ್ಣ ಕೂತ್ಕೊಳ್ಳಲಿ ಬಿಡೆ. ಒಂದು ವರ್ಷ ಕಳೀಲಿ" ಎಂದರು ರಮಾಮಣಿ.

"ದೋಷ ಹೋಯ್ತು ಅಂತ ಪುರೋಹಿತರೇ ಅಂದ್ರಲ್ಲಮ್ಮ!"

"ಅಂದ್ರು. ಆದ್ರೂ..."

"ಅಷ್ಟಮಿ ದಿನ ತೊಟ್ಟಿಲಲ್ಲಿಟ್ಟು ತೂಗ್ತೀಯಲ್ಲ, ಆ ದೇವರೂ ರೋಹಿಣಿಯವನೇ. ಅವನಿಗಾದ್ರೆ ಚಕ್ಕುಲಿ, ನನ್ನ ಮಗನಿಗೆ ಅಡ್ಡ ಸೀರೆ!"

"ಆ ದೇವರ ಸೋದರಮಾವ ಏನಾದ, ಹೇಳು?"

"ಕೂಸುಗಳನ್ನ ಕೊಂದ, ಅನುಭವಿಸಿದ. ನಿನ್ನ ಮಗನಿಗೆ ಒಂದು ಕೂಸನ್ನ ಎತ್ಕೊಳ್ಳೋಕೇ ಕೈ ನಡುಗುತ್ತೆ!"

"ಅಕ್ಕ, ನಂಗೇನೂ ಭಯ ಇಲ್ಲ. ಅಮ್ಮನ ಸಮಾಧಾನಕ್ಕೆ..." ನಾಣಿ ಗೋಡೆಗೆ ಹೇಳಿದ.

"ದಿನಾ ಲೋಕಲ್ಲಿನ ಬಾಗಿಲಲ್ಲಿ ನೇತಾಡ್ಕೊಂಡು ಹೋಗ್ತೀಯ. ಅದಕ್ಕಿಲ್ಲದ ಹೆದರಿಕೆ ಹಾಲು ಕುಡಿಯೋ ಕೂಸಿಗೇನೋ?"

ಬಂದವರು ನಕ್ಕರು. ಪಂಕಜಾ ನಗಲಿಲ್ಲ. ಅವನ ಮುಂದೆ ಬಂದು ಮಗುವನ್ನು ತೊಡೆಗೆ ಹಾಕಿಯೇಬಿಟ್ಟಳು. ತಡೆಯಲು ಧಾವಿಸಿದ ರಮಾಮಣಿಯ ಕಾಲು ತಾಗಿ ಬಟ್ಟಲು ಉರುಳಿತು.

"ಚುಚ್ಚಪ್ಪ" ಎಂದಳು, ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿಗೆ.

ಮಗು ಕಿರಿಚಿತು. ಕಣ್ಣು ಮುಚ್ಚಿ ಕೂತಿದ್ದ ನಾಣಿ ಬೆಚ್ಚಿ ಕಣ್ಣುಬಿಟ್ಟ. ಅದರ ಕೆಂಪು ಮುಖವನ್ನು ನೋಡಿದ. "ನೋವಾಯ್ತೇನೋ ಕಂದ? ಇಲ್ಲ, ಇಲ್ಲ" ಎನ್ನುತ್ತ ಎದೆಗೆ ಒತ್ತಿಕೊಂಡ.

ಆಮೇಲೆ ಅವನು, "ಅಕ್ಕ, ಇವನ ಮೂಗು ನನ್ನ ಥರಾನೇ ಇದೆ, ನೋಡು" ಎಂದ.

"ಇಷ್ಟು ದಿನ ಎಲ್ಲಿ ನೋಡ್ತಿದ್ದೆ?" ಎಂದಳು ಪಂಕಜಾ. ಮಂಚಕ್ಕೆ ಅಡ್ಡ ಕಟ್ಟಿದ್ದ ಸೀರೆಯನ್ನು ಎಳೆದು ಕಿತ್ತಳು. ಅದನ್ನೇ ಮುದುರಿ, ನೆಲಕ್ಕೆ ಚೆಲ್ಲಿದ್ದ ಎಣ್ಣೆಯನ್ನು ಕಲೆ ಉಳಿಯದಂತೆ ತಿಕ್ಕಿ ತಿಕ್ಕಿ ಒರೆಸಿದಳು.