ಬಾಜೂಕ ಯಾರಿರ್ತಾರ

ಕುಸನೂರ ರಸ್ತೆಗೆ ತಾಗಿ ಎದ್ದ ‘ಹೊಂಬೆಳಕು’ ಅಪಾರ್ಟ್‌ಮೆಂಟಿಗೆ ಬಣ್ಣ ಬಳಿದು ಮುಗಿದಿತ್ತು, ಲಿಫ್ಟು ಓಡಾಡುತ್ತಿತ್ತು. ಆದರೂ ಅರ್ಧಕ್ಕರ್ಧ ಮನೆಗಳು ಖಾಲಿ ಬಿದ್ದಿದ್ದವು. ಜೇವರ್ಗಿ ಕಾಲೋನಿಯ ಮೂಲೆಮೂಲೆಗೂ ಬ್ಯಾನರ್ ಕಟ್ಟಿಸಿ, ಪೇಪರಿನೊಳಗೆ ಚೀಟಿ ಹಾಕಿಸಿ ಸುಸ್ತಾಗಿದ್ದ ಮಾಲಕ ಅಮರನಾಥನಿಗೆ ಇದರ ಕಾರಣ ತಿಳಿದದ್ದು ಮನೆ ನೋಡಲು ಬಂದ ಮಲ್ಲಣ್ಣ ಮಾಸ್ತರರಿಂದ.

“ನಿಮ್ಮ ಬ್ಯಾನರ್ ನಾ ನೋಡೇ ಇಲ್ರೀ,” ಎಂದರು ಮಾಸ್ತರರು. “ನೀರಿನ ತ್ರಾಸಿಲ್ಲದ ಮನಿ ಕಲಬುರಗಿಯಾಗ ಎಲ್ಲದ ಅಂತ ಫೋನಿಗೆ ಕೇಳಿದೆ. ಅದು ಬ್ಯಾರೆ ಬಿಲ್ಡಿಂಗಿನ ಹೆಸರೆಲ್ಲ ಹೇಳ್ತು, ನಿಮ್ಮದು ಹೇಳಲಿಲ್ಲ. ನಾ ಇಲ್ಲಿಗೆ ಬಂದಿದ್ದು ಹಾದಿ ತಪ್ಪಿ.”

ಮಾಸ್ತರರು ಹೋದೊಡನೆ ಅಮರನಾಥ ಪಂಚಶೀಲಾಳನ್ನು ಕರೆದ. ಬಂದ ಗಿರಾಕಿಗಳಿಗೆ ಮನೆ ತೋರಿಸುವುದು, ವೆಬ್‌ಸೈಟಿಗೆ ಬರೆಯುವುದು ಎರಡೂ ಅವಳ ಕೆಲಸ.

“ತಂಗೀ, ಈಗ ಮಂದಿ ನಮ್ಮ ವೆಬ್‌ಸೈಟ್ ತಗದು ನೋಡಂಗಿಲ್ಲ. ಎಐಗೆ ಕೇಳ್ತಾರ. ಅದು ಎಲ್ಲಾ ಓದಿ ಏನು ಹೇಳ್ತದೋ ಅದೇ ಖರೇ ಅಂತಾರ. ಅದರ ಬಾಯಾಗ ನಮ್ಮ ಹೆಸರು ಬರಂಗ ಮಾಡು.”

ಪಂಚಶೀಲಾ ಕೆಲವು ದಿನ ಅದರ ಬೆನ್ನು ಹತ್ತಿದಳು. ಜನ ಕೇಳುವ ಹಾಗೆಯೇ ಪ್ರಶ್ನೆ ಬರೆದು, ಅದರ ಕೆಳಗೆ ನೇರ ಉತ್ತರ ಬರೆದಿಟ್ಟರೆ ಆ ಯಂತ್ರ ಬೇಗ ಎತ್ತಿಕೊಳ್ಳುತ್ತದೆಂದು ಅವಳಿಗೆ ತಿಳಿಯಿತು. ಆದರೆ ಅವಳು ಬರೆದ ಪ್ರಶ್ನೆಗಳೆಲ್ಲ ಆಫೀಸಿನ ವಾಸನೆ ಹೊಡೆಯುತ್ತಿದ್ದವು. ಕೊನೆಗೆ ಕಮಲಾಪುರದ ಅವ್ವನಿಗೆ ಫೋನ್ ಮಾಡಿದಳು.

ಸಾಬಮ್ಮ ಆಯುಷ್ಯವೆಲ್ಲ ಕಂಡವರ ತೋಟದಲ್ಲಿ ಕೆಂಪು ಬಾಳೆಗೊನೆ ಹೊತ್ತವಳು. ಅಕ್ಷರ ಬಾರದು. ಆದರೆ ಫೋನಿನ ಮೈಕು ಒತ್ತಿ, ಮಳೆ ಬಂದೀತೇ, ಬಸ್ಸು ಹೊರಟಿತೇ ಎಂದು ಓಣಿಯವರನ್ನು ಕೇಳಿದಷ್ಟೇ ಸಲೀಸಾಗಿ ಆ ಯಂತ್ರವನ್ನು ಕೇಳುತ್ತಿದ್ದಳು.

“ಅವ್ವಾ, ನೀ ಶಹರದಾಗ ಮನಿ ತಗೋಬೇಕಂದ್ರ ಏನೇನು ಕೇಳ್ತಿ?”

“ನನಗ್ಯಾರು ಕೊಡ್ತಾರ!” ಅವ್ವ ನಕ್ಕಳು. “ಬರಕೋ ಹಂಗಾದ್ರ. ನೀರು ಸಿಹಿ ಅದಾವೋ ಸವಳೋ? ಕರೆಂಟ್ ಹ್ವಾದ್ರ ಲಿಫ್ಟಿನಾಗ ಸಿಕ್ಕೊಂಡೋರನ್ನ ಯಾರು ಹೊರಗ ತಗೀತಾರ? ಹಪ್ಪಳ ಎಲ್ಲಿ ಒಣಗಸೂದು?” ಆಮೇಲೆ ಕೇಳಿದಳು, “ಬಾಜೂಕ ಯಾರಿರ್ತಾರ? ಪಕ್ಕದ ಮನಿಯೋರು, ನಮ್ಮಂಥೋರು ಹ್ವಾದ್ರ ಮಾತಾಡಸ್ತಾರೋ ಇಲ್ಲೋ?”

ಪಂಚಶೀಲಾ ಎಲ್ಲವನ್ನೂ ಬರೆದುಕೊಂಡಳು. ಒಂದನೆಯ ಮಹಡಿಯ ಮೂಲೆಮನೆಯನ್ನು ಅವಳಿಗೆ ಬಾಡಿಗೆಗೆ ಕೊಡುವೆನೆಂದು ಅಮರನಾಥ ಮಾತು ಕೊಟ್ಟಿದ್ದ. ಮೊಣಕಾಲು ಸೋತ ಅವ್ವ ತೋಟದ ಕೆಲಸ ಬಿಟ್ಟು ತನ್ನ ಹತ್ತಿರ ಬಂದಿರಬೇಕು. ಮದುವೆ, ಬಂಗಾರ, ಯಾವುದೂ ಬೇಡವಾಗಿ ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ನೀರಿನದು, ಲಿಫ್ಟಿನದು, ಹಪ್ಪಳ ಒಣಗಿಸುವ ಮಾಳಿಗೆಯದು ಉತ್ತರಗಳು ಸುಲಭವಾಗಿ ಬಂದವು. ಕೊನೆಯದನ್ನು ಅಮರನಾಥ ತಾನೇ ಹೇಳಿದ.

“ಶುದ್ಧ ಶಾಖಾಹಾರಿ, ಸಂಸ್ಕಾರವಂತ ಮನೆತನದವರಷ್ಟೇ ಅಂತ ಬರಿ. ಇಂಥಾದ್ದು ಮಂದಿ ನಮ್ಮ ಮುಂದ ಬಾಯಿಬಿಟ್ಟು ಕೇಳಂಗಿಲ್ಲ. ಫೋನಿಗೆ ಕೇಳ್ತಾರ.”

“ಮಾಲಕ್ರ, ಹಂಗಾದ್ರ ನಾವು…”

“ಏ, ನಿಂದು ಬ್ಯಾರೆ ಮಾತು! ನೀ ನಮ್ಮ ಮನಿ ಮಗಳಿದ್ದಂಗ. ನಿಮ್ಮವ್ವಗಷ್ಟು ಹೇಳು, ಒಣಮೀನು ಗಿಣಮೀನು ಊರಾಗೇ ತಿಂದು ಬರ್ಲಿ.”

ಅವನು ನಕ್ಕ. ಅವಳೂ ನಕ್ಕಳು. ಒರಟಾಗಿ ಬರೆದರೆ ಯಾರಿಗಾದರೂ ನೋವಾದೀತೆಂದು ನಯ ಮಾಡಿ ಬರೆದಳು: ‘ಇಲ್ಲಿ ಒಂದೇ ಬಗೆಯ ಊಟ, ಒಂದೇ ಬಗೆಯ ನಡೆನುಡಿಯ ಕುಟುಂಬಗಳು ನೆಮ್ಮದಿಯಿಂದ ಬಾಳುತ್ತವೆ. ಬೇರೆ ರೂಢಿಯವರಿಗೆ ಬೇರೆ ಕಡೆಯ ಮನೆಗಳು ಹೆಚ್ಚು ಹಿತವೆನಿಸಬಹುದು.’

ತಿಂಗಳು ಕಳೆಯುವುದರೊಳಗೆ ಫೋನುಗಳು ‘ಹೊಂಬೆಳಕು’ ಎನ್ನತೊಡಗಿದವು. ಗಿರಾಕಿಗಳು ಬಂದರು. ಅಮರನಾಥ ಆಫೀಸಿಗೆಲ್ಲ ಪೇಢೆ ಹಂಚಿದ. ಆ ಭಾನುವಾರ ಪಂಚಶೀಲಾ ಅವ್ವನನ್ನು ಮನೆ ತೋರಿಸಲು ಕರೆತರಲೆಂದು ಕಮಲಾಪುರದ ಬಸ್ಸು ಹತ್ತಿದಳು.

ಓಣಿಯ ಬಾಯಲ್ಲೇ ಕುಲ್ಸುಮ್ ಸಿಕ್ಕಳು. ಸಾಬಮ್ಮನ ಹಳೆಯ ಜೊತೆಗಾತಿ, ಅದೇ ತೋಟದ ಕೂಲಿಯವಳು.

“ಬಂದ್ಳು ನೋಡ್ರಿ ಬಿಲ್ಡಿಂಗ್ ಬೇಗಂ! ನಿಮ್ಮವ್ವ ಓಣಿ ಮಂದಿನ್ನೆಲ್ಲ ಕೂಡಿಸಿ ಫೋನಿನಾಗ ನಿನ್ನ ಬಿಲ್ಡಿಂಗಿನ ಸುದ್ದಿ ಕೇಳಸ್ತಿದ್ಳು. ಸಿಹಿನೀರು, ಹಪ್ಪಳದ ಮಾಳಿಗಿ… ನಮಗೆಲ್ಲ ಬಾಯಿಪಾಠ ಆಗ್ಯದ.” ಅಷ್ಟು ಹೇಳಿ ಕುಲ್ಸುಮ್ ಮಾತು ಬದಲಿಸಿದಳು. “ಹೋಗು, ಅವ್ವ ಒಳಗ ಇದ್ದಾಳ,” ಎಂದು ತನ್ನ ದಾರಿ ಹಿಡಿದಳು.

ಸಾಬಮ್ಮ ಮನೆಯಲ್ಲಿ ಉಡುವ ಸೀರೆಯಲ್ಲೇ ಒಲೆಯ ಮುಂದೆ ಕುಳಿತಿದ್ದಳು.

“ಯಾಕವ್ವಾ, ತಯಾರಾಗಿಲ್ಲ? ಮನಿ ನೋಡಾಕ ಹೋಗೂಣಂದಿದ್ದೆ.”

“ಮೊದಲ ಉಣ್ಣು.”

ಬಿಸಿರೊಟ್ಟಿ, ಬ್ಯಾಳಿಸಾರು. ಮಗಳು ಎರಡು ತುತ್ತು ನುಂಗುವವರೆಗೆ ಕಾದು ಸಾಬಮ್ಮ ಮಾತು ತೆಗೆದಳು.

“ಉಳದ ಸವಾಲೆಲ್ಲ ದಿನಾ ಕೇಳ್ತಿದ್ದೆ. ಬಾಜೂಕ ಯಾರಿರ್ತಾರ ಅನ್ನೂದೊಂದು ಕೇಳಿರಲಿಲ್ಲ. ನಿನ್ನಿ, ನಾವು ಎಂಥೋರಂತ ಹೇಳಿ, ಕೇಳಿದೆ.”

ಪಂಚಶೀಲಾಳ ಕೈ ತಾಟಿನಲ್ಲೇ ನಿಂತಿತು.

“ಭಾಳ ಮರ್ಯಾದಿಲೆ ಹೇಳ್ತು ಪಂಚೂ. ನೀವು, ನಿಮಗ ಅಂತು. ನಾ ಸಣ್ಣಾಕಿದ್ದಾಗ ನೀರು ಕೇಳಾಕ ಹ್ವಾದ್ರ ದೂರದಿಂದಲೇ ಒದರ್ತಿದ್ರು. ಇದು ಒದರಲಿಲ್ಲ. ನಿಮಗ ಬ್ಯಾರೆ ಕಡೆ ಹಿತ ಅನಸಬಹುದು ಅಂತು.”

“ಅವ್ವಾ, ಅದು ಮಷೀನು…”

“ಹೌದು, ಹೇಳಿದ್ದು ಮಷೀನು.” ಸಾಬಮ್ಮ ಮಗಳ ತಾಟಿಗೆ ಮತ್ತಷ್ಟು ಸಾರು ಹಾಕಿದಳು. “ಸವಾಲು ನಂದಿತ್ತು. ಜವಾಬು ಯಾರದಂತ ಗೊತ್ತಾಗಂಗಿಲ್ಲೇನು? ಇಷ್ಟು ಚಂದ ಬರಿಯೋರು ಅಲ್ಲಿ ಮತ್ಯಾರದಾರ?”

“ನಮ್ಮದು ಬ್ಯಾರೆ ಮಾತು ಅಂದಾರ ಮಾಲಕರು. ನಾವು ಇರಬಹುದಂತ, ಅವ್ವಾ. ಕೀಲಿ ಕೊಡ್ತಾರ.”

“ನಾವಿಬ್ಬರು ಒಳಗ. ನಮ್ಮ ಓಣಿಯ ಪೀರಪ್ಪಕಾಕನ ಮಕ್ಕಳು, ಈ ಕುಲ್ಸುಮ್, ನಮ್ಮಂಥೋರೆಲ್ಲ ಹೊರಗ. ಅವ್ರಿಗೆ ಬಾಗಲಾ ಹಾಕ್ಕೊಂಡಾಕಿ ನೀನ. ನಾ ಆ ಮನ್ಯಾಗ ಕುಂತು ಯಾರ ಮಾರಿ ನೋಡ್ಲಿ?”

ದನಿ ಏರಿಸಿ ಬೈದಿದ್ದರೆ ಪಂಚಶೀಲಾ ತಿರುಗಿ ಏನಾದರೂ ಅನ್ನುತ್ತಿದ್ದಳೇನೋ. ಅವ್ವ ಬೈಯಲಿಲ್ಲ. ಮಗಳ ಬೆನ್ನ ಮೇಲೆ ಕೈಯಾಡಿಸಿ, “ತಣ್ಣಗಾಗ್ತದ, ಉಣ್ಣು,” ಅಂದಳು. ತಲೆ ತಗ್ಗಿಸಿ ಉಣ್ಣುತ್ತಿದ್ದ ಪಂಚಶೀಲಾಳ ಕಣ್ಣೀರು ತಾಟಿಗೇ ಬಿತ್ತು.

ಸೋಮವಾರ ಆಫೀಸಿಗೆ ಹೋದವಳೇ ಯಾರನ್ನೂ ಕೇಳದೆ ಆ ಉತ್ತರವನ್ನು ಅಳಿಸಿ ಹಾಕಿ, ಇಲ್ಲಿ ಯಾರು ಬೇಕಾದರೂ ಇರಬಹುದು ಎಂದು ಬರೆದಳು. ಆಮೇಲೆ ತನ್ನ ಫೋನಿಗೆ ಕೇಳಿದಳು. ಅದು ಹಳೆಯದನ್ನೇ ಹೇಳಿತು. ಮರುದಿನ ಕೇಳಿದಳು, ಆ ವಾರವೆಲ್ಲ ಕೇಳಿದಳು. ಮನೆ ಮಾರುವ ಬೇರೆ ಬೇರೆ ವೆಬ್‌ಸೈಟಿನವರು ಅವಳ ಮಾತನ್ನು ಎಂದೋ ಎತ್ತಿಕೊಂಡು ಹಾಕಿಕೊಂಡಿದ್ದರು. ಯಂತ್ರ ಅವನ್ನೆಲ್ಲ ಕೂಡಿಸಿ, ‘ಈ ಬಗ್ಗೆ ಬೇರೆ ಬೇರೆ ಮಾಹಿತಿ ಇದೆ, ಆದರೂ ಬಹುತೇಕ ಮೂಲಗಳ ಪ್ರಕಾರ…’ ಎಂದು ಇನ್ನಷ್ಟು ನಯವಾಗಿ ಶುರುಮಾಡುತ್ತಿತ್ತು.

ಅಮರನಾಥನಿಗೆ ವಿಷಯ ಗೊತ್ತಾದಾಗ ಅವನು ಸಿಟ್ಟಾಗಲೂ ಇಲ್ಲ.

“ಬೇಕಾದ್ರ ತಗದು ಹಾಕು ತಂಗೀ. ಅದು ಆಗಲೇ ಮಂದಿ ಬಾಯಿಗೆ ಬಿದ್ದದ. ಮ್ಯಾಲಿನ ಮನಿಗೋಳು ಸೈತ ಹೋದವು ನೋಡು. ಹಾಂ, ನಿನ್ನ ಮನಿ ಕೀಲಿ ಟೇಬಲ್ ಮ್ಯಾಲ ಅದ, ಒಯ್ಯಿ.”

ಅವಳು ಒಯ್ಯಲಿಲ್ಲ. ಖಾಲಿ ಮೆಟ್ಟಿಲ ಮೇಲೆ ಕುಳಿತು ಅವ್ವನಿಗೆ ಫೋನ್ ಹಚ್ಚಿದಳು.

“ಅವ್ವಾ, ಅದನ್ನ ಅಳಿಸೀನಿ.”

“ಛಲೋ ಆತು ಬಿಡು. ಉಂಡಿ?”

“ಆ ಮನಿನೂ ಬ್ಯಾಡಂದೀನಿ. ಬ್ಯಾರೆ ಎಲ್ಲರ ನೋಡ್ತೀನಿ. ಸಣ್ಣದಿರ್ಲಿ. ಅಲ್ಲಿಗರ ಬರ್ತೀಯಿಲ್ಲ?”

ಆಚೆ ಕಡೆ ಬಾಳೆಗೊನೆ ತುಂಬುವವರ ಕೂಗಾಟ ಕೇಳುತ್ತಿತ್ತು. ಸಾಬಮ್ಮ ಇನ್ನೂ ಗೊನೆ ಹೊರುತ್ತಿದ್ದಳು.

“ನಾ ಎಲ್ಲಿ ಬರ್ಲಿ ಯವ್ವಾ ಈ ಕಾಲು ಕಟಗೊಂಡು. ನೀನ ಬಿಡುವಾದಾಗ ಬಂದು ಹೋಗ್ತಿರು.”

ಉಂಡು ಹೊರಟ ನೆಂಟರಿಗೆ ಅವ್ವ ಹೊಸ್ತಿಲಲ್ಲಿ ನಿಂತು ಹೇಳುವ ಮಾತು ಅದು. ಮಗಳಿಗೆ ಎಂದೂ ಹೇಳಿರಲಿಲ್ಲ. ಪಂಚಶೀಲಾ ‘ಹೂಂ’ ಎಂದಳು. ಸಾಬಮ್ಮ ಫೋನ್ ಇಡದೆ, ಮಗಳೇ ಮೊದಲು ಇಡಲೆಂದು ಕಾಯುತ್ತ ನಿಂತಿದ್ದಳು.